ಪ್ರಾಣಿಗಿಂತ ಮೊದಲು ಪ್ರಶ್ನೆ: ಸಂರಕ್ಷಣಾ ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬಯಸುವ ಮಲೆನಾಡಿನ ವಿದ್ಯಾರ್ಥಿಗಳಿಗೆ

ಪದವಿ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಮೂಡಿಗೆರೆ, ಕೊಪ್ಪ, ಬೇಲೂರು, ಸಕಲೇಶಪುರ ಕಡೆಯ ಕೆಲವು ವಿದ್ಯಾರ್ಥಿಗಳು ಚಿಕ್ಕಮಗಳೂರಿನ ನಮ್ಮ ಮನೆಗೆ ಬರುತ್ತಾರೆ. "ಮೇಡಂ, ನನಗೆ ಆನೆ ಮೇಲೆ ಪಿಎಚ್.ಡಿ. ಮಾಡ್ಬೇಕು" ಎಂಬುದು ಅವರಲ್ಲಿ ಹೆಚ್ಚಿನವರ ಮೊದಲ ಮಾತು, ಹುಲಿ ಎನ್ನುವವರು ಅವರ ನಂತರ. ಹೋದ ವರ್ಷ ಬಂದ ಹುಡುಗನೊಬ್ಬ ಮಾತ್ರ, "ನಮ್ಮ ತೋಟದ ಹಳ್ಳದಲ್ಲಿ ಮಳೆಗಾಲಕ್ಕೆ ಕೂಗ್ತಿದ್ದ ಕಪ್ಪೆ ಮೂರು ವರ್ಷದಿಂದ ಕೂಗ್ತಿಲ್ಲ, ಮೇಲ್ಗಡೆ ಕಾಡುಮರ ಕಡಿದು ಸಿಲ್ವರ್ ಓಕ್ ಹಾಕಿದ್ದಕ್ಕೋ, ಔಷಧಿ ಹೊಡೆದಿದ್ದಕ್ಕೋ ಗೊತ್ತಾಗ್ಬೇಕು" ಎಂದ. ಸಂಶೋಧನೆ ಶುರುವಾಗುವುದು ಅಂಥ ಮಾತಿನಿಂದ. ಈ ಲೇಖನದಲ್ಲಿ ಪರೀಕ್ಷೆ, ಅರ್ಜಿ, ಪರವಾನಗಿ, ಕ್ಷೇತ್ರಕಾರ್ಯ ಎಲ್ಲವೂ ಬರುತ್ತವೆಯಾದರೂ ನಾನು ಹೆಚ್ಚು ಜಾಗ ಕೊಟ್ಟಿರುವುದು ಪ್ರಶ್ನೆಯನ್ನು ಕಟ್ಟಿಕೊಳ್ಳುವ ಕೆಲಸಕ್ಕೆ. ಏಕೆಂದರೆ ನಾನು ಕಂಡಂತೆ ಅರ್ಧಕ್ಕೆ ನಿಂತುಹೋದ ಪಿಎಚ್.ಡಿ.ಗಳಲ್ಲಿ ಬಹುಪಾಲು ಎಡವಿದ್ದು ಅಲ್ಲಿಯೇ.

ಸಂರಕ್ಷಣಾ ಜೀವವಿಜ್ಞಾನವನ್ನು ಪ್ರಾಣಿಶಾಸ್ತ್ರದ ಒಂದು ಕವಲು ಎಂದಷ್ಟೇ ತಿಳಿದು ಬರುವವರಿದ್ದಾರೆ. 1985ರಲ್ಲಿ ಅಮೆರಿಕದ ಜೀವವಿಜ್ಞಾನಿ ಮೈಕೆಲ್ ಸೂಲೆ ಇದನ್ನು ತುರ್ತಿನ ಶಾಸ್ತ್ರವೆಂದು ವಿವರಿಸಿದರು: ಎಲ್ಲ ಮಾಹಿತಿ ಕೈಸೇರುವ ಮೊದಲೇ ಏನು ಮಾಡಬೇಕೆಂದು ಹೇಳಬೇಕಾಗಿ ಬರುವ ಶಾಸ್ತ್ರ. ಪರಿಸರ ವಿಜ್ಞಾನ, ತಳಿಶಾಸ್ತ್ರ, ಸಂಖ್ಯಾಶಾಸ್ತ್ರಗಳ ಜೊತೆಗೆ ಭೂಮಿಯ ಒಡೆತನ, ಬೆಳೆಯ ಬೆಲೆ, ಕಾನೂನು, ಜನರ ಭಯ ಇವೆಲ್ಲವೂ ಅದರ ಒಳಗೇ ಬರುತ್ತವೆ. ಭದ್ರಾ ಅಭಯಾರಣ್ಯದ ಒಳಗಿದ್ದ 400ಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಗೊಂಡವು. ಅವರು ಬಿಟ್ಟುಬಂದ ಗದ್ದೆಗಳಲ್ಲಿ ಹುಲ್ಲು ಬೆಳೆದು ಜಿಂಕೆ, ಕಾಟಿಗಳು ಮೇಯತೊಡಗಿದ್ದು ಎಷ್ಟು ಗಂಭೀರವಾದ ಅಧ್ಯಯನದ ವಸ್ತುವೋ, ಹೊಸ ಊರಿನಲ್ಲಿ ಆ ಮನೆಗಳ ಬದುಕು ಏನಾಯಿತು ಎಂಬುದೂ ಅಷ್ಟೇ ಗಂಭೀರವಾದ ವಸ್ತು. ಎರಡನೆಯದರಲ್ಲಿ ಆಸಕ್ತಿಯೇ ಇಲ್ಲದವರು ವನ್ಯಜೀವಿ ಛಾಯಾಗ್ರಹಣವನ್ನೋ ಶುದ್ಧ ಪ್ರಾಣಿಶಾಸ್ತ್ರವನ್ನೋ ಆರಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಕಟ್ಟಿಕೊಳ್ಳುವುದು

ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳ ಆನೆಗಳ ವಿಚಾರವನ್ನೇ ತೆಗೆದುಕೊಳ್ಳೋಣ. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆಯು ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟಿತು. ಆಮೇಲೆ ಆನೆಗಳನ್ನು ಹಿಡಿದು ಸಾಗಿಸಿದ್ದಾಯಿತು, ರೇಡಿಯೊ ಕಾಲರ್ ತೊಡಿಸಿದ್ದಾಯಿತು, ಕಂದಕ ತೋಡಿ ಸೋಲಾರ್ ಬೇಲಿ ಎಳೆದದ್ದಾಯಿತು. 2023ರ ಡಿಸೆಂಬರ್‌ನಲ್ಲಿ ಯಸಳೂರು ಕಡೆ ನಡೆದ ಕಾರ್ಯಾಚರಣೆಯಲ್ಲಿ, ದಸರೆಯ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ, ಕಾಡಾನೆಯೊಡನೆ ಸೆಣಸಿ ಪ್ರಾಣ ಬಿಟ್ಟಿತು. ಇಷ್ಟೆಲ್ಲ ನಡೆದಿರುವ ಜಾಗಕ್ಕೆ "ಹಾಸನ ಜಿಲ್ಲೆಯಲ್ಲಿ ಮಾನವ–ಆನೆ ಸಂಘರ್ಷ: ಒಂದು ಅಧ್ಯಯನ" ಎಂಬ ಶೀರ್ಷಿಕೆ ಹಿಡಿದು ಹೋದರೆ ಒಳ್ಳೆಯ ಸಮಿತಿ ಒಪ್ಪಲಾರದು, ಒಂದು ವೇಳೆ ಒಪ್ಪಿದರೂ ಎರಡನೆಯ ವರ್ಷದಲ್ಲಿ ಏನನ್ನು ಎಣಿಸಬೇಕೆಂದು ನಿಮಗೇ ತಿಳಿಯದೆ ಹೋಗುತ್ತದೆ. ಆ ಶೀರ್ಷಿಕೆಯಲ್ಲಿ ವಿಷಯವಿದೆ, ಪ್ರಶ್ನೆ ಇಲ್ಲ.

ಪ್ರಶ್ನೆ ಹೇಗೆ ಸಿಗುತ್ತದೆ ಎಂಬುದಕ್ಕೆ ಒಂದು ಬೆಳಗಿನ ಸಂಗತಿಯನ್ನು ಹೇಳುತ್ತೇನೆ. ಸಕಲೇಶಪುರದ ಹತ್ತಿರದ ತೋಟವೊಂದರಲ್ಲಿ, ಜನವರಿ ತಿಂಗಳಲ್ಲಿ, ಕೆರೆ ಏರಿಯ ಮೇಲೆ ಆನೆ ಲದ್ದಿಯ ಗುಪ್ಪೆ ಬಿದ್ದಿತ್ತು. ಮೇಲ್ಭಾಗ ಒಣಗಿ ಬಣ್ಣ ತಿರುಗಿತ್ತಾದರೂ ಕಡ್ಡಿಯಿಂದ ಬಿಡಿಸಿದಾಗ ಒಳಗಿನ್ನೂ ಹಸಿಯಿತ್ತು. ಅದರಲ್ಲಿ ಬೈನೆ ಮರದ ನಾರು, ಸಿಪ್ಪೆ ಕಳಚಿದ ಕಾಫಿ ಬೇಳೆ, ಒಂದು ಹಿಡಿಯಷ್ಟು ಭತ್ತದ ಹುಲ್ಲು ಕಾಣಿಸಿದವು. ಜೊತೆಗಿದ್ದ, ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರು ಅದನ್ನು ನೋಡಿ, "ಮೊನ್ನೆ ರಾತ್ರಿದು. ಗದ್ದೆ ಕೊಯ್ಲು ಮುಗಿದ್ಮೇಲೆ ಇವು ಇಲ್ಲಿ ನಿಲ್ಲಲ್ಲ ಮೇಡಂ, ಕೆರೇಲಿ ನೀರಿರೋ, ಆಳುಗಳು ಓಡಾಡದ ತೋಟ ಹುಡುಕ್ಕೊಂಡು ಹೋಗ್ತವೆ" ಎಂದರು. ಅವರಿಗೆ ಅದು ದಿನನಿತ್ಯದ ಮಾತು. ಸಂಶೋಧಕರಿಗೆ ಅದು ಪರೀಕ್ಷಿಸಬಹುದಾದ ಒಂದು ಊಹೆ. ಕೊಯ್ಲಿನ ನಂತರದ ತಿಂಗಳುಗಳಲ್ಲಿ ಆನೆಗಳು ಹಗಲು ತಂಗುವ ತೋಟವನ್ನು ನಿರ್ಧರಿಸುವುದು ಕೆರೆಯ ನೀರೇ, ಮರಗಳ ದಟ್ಟ ನೆರಳೇ ಅಥವಾ ಜನರ ಓಡಾಟ ಕಡಿಮೆ ಇರುವುದೇ? ಇಷ್ಟನ್ನು ಕೇಳಿಕೊಂಡ ಕೂಡಲೇ ಎಣಿಸಬೇಕಾದ್ದು ಏನು, ಎಷ್ಟು ತೋಟಗಳಲ್ಲಿ, ಎಷ್ಟು ದಿನಕ್ಕೊಮ್ಮೆ ಎಂಬುದೆಲ್ಲ ತಾನಾಗಿಯೇ ಕಾಣತೊಡಗುತ್ತದೆ.

ಪ್ರಶ್ನೆ ಬರೆದುಕೊಂಡ ಮೇಲೆ ಅದನ್ನು ಕೆಲವು ರೀತಿಯಲ್ಲಿ ಒರೆಗೆ ಹಚ್ಚಿ ನೋಡಿ. ಉತ್ತರ "ಇಲ್ಲ" ಎಂದು ಬಂದರೂ ಅದು ಬರೆಯಲು ಯೋಗ್ಯವೇ? ನೀರಿಗೂ ಆನೆ ತಂಗುವುದಕ್ಕೂ ಸಂಬಂಧವೇ ಇಲ್ಲವೆಂದು ತಿಳಿದರೆ ಅದೂ ಉಪಯುಕ್ತವೇ. ಆದ್ದರಿಂದ ಮೇಲಿನ ಪ್ರಶ್ನೆ ನಿಲ್ಲುತ್ತದೆ. ಎರಡು ಮಳೆಗಾಲ, ಎರಡು ಕೊಯ್ಲುಗಳ ಒಳಗೆ ಸಾಕಷ್ಟು ದಾಖಲೆಗಳು ಸಿಗುತ್ತವೆಯೇ? ಸಾಲುಮಾರ್ಗದಲ್ಲಿ ನಡೆದು, ಕಂಡ ಪ್ರಾಣಿಯ ದೂರವನ್ನು ಅಳೆದು ಸಾಂದ್ರತೆ ಲೆಕ್ಕ ಹಾಕುವ ವಿಧಾನಕ್ಕೆ ಒಂದು ಪ್ರಭೇದವು ಕನಿಷ್ಠ 60ರಿಂದ 80 ಬಾರಿಯಾದರೂ ಕಾಣಿಸಬೇಕೆಂಬುದು ಸಾಮಾನ್ಯ ಅಳತೆ. ಹತ್ತು ದಿನ ನಡೆದು ಎರಡೇ ಬಾರಿ ಕಂಡ ಪ್ರಾಣಿಯನ್ನು ಆ ವಿಧಾನದಿಂದ ಅಧ್ಯಯನ ಮಾಡಹೊರಟರೆ ವರ್ಷಗಳು ಸಾಲುವುದಿಲ್ಲ. ಕೊನೆಯದಾಗಿ, ಉತ್ತರ ಸಿಕ್ಕಿದ ದಿನ ಅದನ್ನು ಯಾರು ಬಳಸುತ್ತಾರೆ? ವಲಯ ಅರಣ್ಯಾಧಿಕಾರಿಯೋ, ಗ್ರಾಮ ಪಂಚಾಯಿತಿಯೋ, ಬೆಳೆಗಾರರೋ ಎಂದು ಹೆಸರು ಹಿಡಿದು ಹೇಳಲು ಬರಬೇಕು.

ಆನೆ, ಹುಲಿಗಳಾಚೆಗೆ ಚಿಕ್ಕಮಗಳೂರು, ಹಾಸನ ಎಂಬ ನಮ್ಮೆರಡು ಜಿಲ್ಲೆಗಳಲ್ಲಿ ಪ್ರಶ್ನೆಗಳು ಕಾದು ಕುಳಿತಿವೆ. ಕಡೂರು, ಬೀರೂರು, ಅರಸೀಕೆರೆ ಕಡೆಯ ಅಮೃತ ಮಹಲ್ ದನಗಳ ಮೇವಿಗೆಂದು ಮೀಸಲಿಟ್ಟ ಕಾವಲುಗಳ ಹುಲ್ಲುಗಾವಲನ್ನು ಇಂದಿಗೂ ಬಂಜರು ಎಂದು ತಿಳಿಯುವವರೇ ಹೆಚ್ಚು. ಬಾಸೂರು ಕಾವಲಿನ ಕೃಷ್ಣಮೃಗಗಳು ಬದುಕಿರುವುದು ಅದೇ ಬಂಜರಿನಲ್ಲಿ. ಕುದುರೆಮುಖದಲ್ಲಿ ಗಣಿಗಾರಿಕೆ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಅಗೆದ ಗುಡ್ಡಗಳ ಮೇಲೆ ಏನು ಮರಳಿ ಬೆಳೆಯುತ್ತಿದೆ ಎಂಬುದು ದಶಕಗಳ ಕಾಲ ಕೇಳಬಹುದಾದ ಪ್ರಶ್ನೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕುಣಿಯುವ ಕಪ್ಪೆಯೊಂದಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ ಅದನ್ನು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದರು. ಹರಿವ ತೊರೆಯ ಬಂಡೆಯ ಮೇಲೆ ಹಿಂಗಾಲು ಚಾಚಿ ಬೀಸಿ ತೋರಿಸುವ ಅಂಥ ಕಪ್ಪೆಗಳಿಗೆ ತೊರೆಯ ನೀರು, ಮೇಲಿನ ನೆರಳು ಎಷ್ಟು ಬದಲಾದರೆ ತಡೆಯಲಾಗುವುದಿಲ್ಲ ಎಂಬುದು, ಆ ಹುಡುಗ ಕೇಳಿದ ಪ್ರಶ್ನೆಗೆ ಬಹಳ ಹತ್ತಿರದ್ದು.

ಎರಡನೆಯ ಹೆಜ್ಜೆ: ಅರ್ಹತೆ, ಪರೀಕ್ಷೆ ಮತ್ತು ಹಣ

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಇರಬೇಕು. ಮೀಸಲು ವರ್ಗದವರಿಗೆ, ಆರ್ಥಿಕವಾಗಿ ಹಿಂದುಳಿದವರಿಗೆ ಮತ್ತು ಅಂಗವಿಕಲರಿಗೆ ಶೇ 5ರ ವಿನಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಸೇರಬಹುದಾದರೂ, ನಮ್ಮ ರಾಜ್ಯವು 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿರುವುದರಿಂದ ಇಲ್ಲಿನ ಹೆಚ್ಚಿನವರಿಗೆ ಎಂ.ಎಸ್ಸಿ. ಮಾಡಿಕೊಂಡು ಹೋಗುವುದೇ ದಾರಿ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಪರಿಸರ ವಿಜ್ಞಾನ, ಅರಣ್ಯಶಾಸ್ತ್ರ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಭದ್ರಾ ಕಾಡಿನ ಮಗ್ಗುಲಲ್ಲೇ ಇರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಮತ್ತು ನಿರ್ವಹಣೆಗೆಂದೇ ಒಂದು ವಿಭಾಗವಿದೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಎರಡು ವರ್ಷಕ್ಕೊಮ್ಮೆ ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಎಂ.ಎಸ್ಸಿ.ಗೆ ಪ್ರವೇಶ ಪರೀಕ್ಷೆ ನಡೆಸುತ್ತದೆ. ಸೀಟು ಬಹಳ ಕಡಿಮೆ, ತರಬೇತಿ ಬಹಳ ಚೆನ್ನ.

ಫೆಲೋಶಿಪ್‌ಗೆ ಮುಖ್ಯ ಬಾಗಿಲು ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯ ಲೈಫ್ ಸೈನ್ಸಸ್ ಪತ್ರಿಕೆ. ಕಾಡಿನ ಮೇಲೆ ಮನಸ್ಸಿಟ್ಟವರು ಅಣುಜೀವವಿಜ್ಞಾನದ ಘಟಕಗಳನ್ನು ನೋಡಿ ಎದೆಗುಂದುತ್ತಾರೆ. ಪಠ್ಯದ 13 ಘಟಕಗಳಲ್ಲಿ ಪರಿಸರ ತತ್ತ್ವಗಳು, ವಿಕಾಸ ಮತ್ತು ವರ್ತನೆ, ಅನ್ವಯಿಕ ಜೀವವಿಜ್ಞಾನ, ವಿಧಾನಗಳು ಎಂಬ ಕೊನೆಯ ನಾಲ್ಕನ್ನು ಗಟ್ಟಿಯಾಗಿ ಓದಿ, ಉಳಿದವುಗಳಲ್ಲಿ ಎರಡು ಮೂರನ್ನು ಸೇರಿಸಿಕೊಳ್ಳುವುದು ನಾನು ಹೇಳಿಕೊಡುವ ಕ್ರಮ. ಒಟ್ಟು 200ರಲ್ಲಿ 100 ಅಂಕದ 'ಸಿ' ಭಾಗದಲ್ಲಿ 75 ಪ್ರಶ್ನೆಗಳಿದ್ದು 25ಕ್ಕೆ ಮಾತ್ರ ಉತ್ತರಿಸಬೇಕಾಗಿರುವುದರಿಂದ ಆರಿಸಿಕೊಳ್ಳಲು ಅವಕಾಶ ಹೆಚ್ಚು. ಗೇಟ್ ಪರೀಕ್ಷೆಯಲ್ಲಿ ಇಕಾಲಜಿ ಅಂಡ್ ಎವಲ್ಯೂಷನ್ ಎಂಬ ಪ್ರತ್ಯೇಕ ಪತ್ರಿಕೆಯೇ ಇರುವುದು ನಮ್ಮ ಕಡೆಯ ಹಲವರಿಗೆ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರಕ್ಕೆ ಸೇರಬಯಸುವವರಿಗೆ ಅದೂ ಒಂದು ದಾರಿ. ರಾಜ್ಯ ಮಟ್ಟದ ಕೆ–ಸೆಟ್ ಪರೀಕ್ಷೆ ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆಯೇ ಹೊರತು ಫೆಲೋಶಿಪ್ ಕೊಡುವುದಿಲ್ಲ. 2024ರ ಜೂನ್‌ನಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೆ ಬಳಸುವ ವ್ಯವಸ್ಥೆ ಬಂದಿದೆ: ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಗದಿದ್ದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ, ಮತ್ತು ಆ ಅಂಕಕ್ಕೆ ಒಂದು ವರ್ಷದ ಆಯಸ್ಸು.

ಜೆಆರ್‌ಎಫ್ ಮೊತ್ತವು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಮೊದಲ ಕಂತು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಸೇರುವಾಗಲೇ ನಾಲ್ಕು ತಿಂಗಳ ಖರ್ಚನ್ನು ಕೈಯಲ್ಲಿ ಇಟ್ಟುಕೊಂಡಿರಿ. ಫೆಲೋಶಿಪ್ ಇಲ್ಲದೆ ಕ್ಷೇತ್ರಾಧಾರಿತ ಪಿಎಚ್.ಡಿ.ಗೆ ಇಳಿಯಬೇಡಿ ಎಂದು ನಾನು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ. ಜೀಪಿನ ಬಾಡಿಗೆ, ಸಹಾಯಕರ ಕೂಲಿ ಯಾವುದೂ ಕಾಯುವುದಿಲ್ಲ.

ಮೂರನೆಯ ಹೆಜ್ಜೆ: ಮಾರ್ಗದರ್ಶಕರನ್ನು ಹುಡುಕುವುದು

ಸಂಸ್ಥೆಯ ಹೆಸರು ನೋಡಿ ಸೇರುವುದಕ್ಕಿಂತ ಮಾರ್ಗದರ್ಶಕರನ್ನು ನೋಡಿ ಸೇರುವುದು ಸರಿ. ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್, ಪರಿಸರ ಸಂಶೋಧನೆಯ ಆಟ್ರೀ, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಇವೆಲ್ಲ ಹೆಸರಾಂತವೇ ಆದರೂ, ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ದೊಡ್ಡ ಕೆಲಸ ಮಾಡಿದವರಿದ್ದಾರೆ. ಎಂಜಿನಿಯರಿಂಗ್ ಓದಿದ್ದ ಉಲ್ಲಾಸ ಕಾರಂತರು ಪಿಎಚ್.ಡಿ. ಪಡೆದದ್ದು ಮಂಗಳೂರು ವಿಶ್ವವಿದ್ಯಾಲಯದಿಂದ. ಹುಲಿಯ ಹೆಜ್ಜೆ ಗುರುತುಗಳನ್ನು ಎಣಿಸಿ ಸಂಖ್ಯೆ ಹೇಳುತ್ತಿದ್ದ ಕಾಲದಲ್ಲಿ, ಪ್ರತಿ ಹುಲಿಯ ಪಟ್ಟೆಯೂ ಬೇರೆಬೇರೆಯಾದ್ದರಿಂದ ಕ್ಯಾಮೆರಾ ಚಿತ್ರಗಳ ಮೂಲಕ ಅವನ್ನು ಗುರುತಿಸಿ, ಸಂಖ್ಯಾಶಾಸ್ತ್ರದ ವಿಧಾನದಿಂದ ಅಂದಾಜು ಮಾಡಬಹುದೆಂದು ಅವರು ನಾಗರಹೊಳೆಯಲ್ಲಿ ತೋರಿಸಿಕೊಟ್ಟರು. ಎಷ್ಟು ಹುಲಿಗಳಿವೆ ಎಂಬುದಕ್ಕಿಂತ, ಎಷ್ಟಿವೆ ಎಂದು ನಮಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಅಲ್ಲಿಗೆ ಒಯ್ದಿತ್ತು.

ಮಾರ್ಗದರ್ಶಕರಿಗೆ ಬರೆಯುವ ಮೊದಲು ಅವರ ಮೂರು ನಾಲ್ಕು ಸಂಶೋಧನಾ ಲೇಖನಗಳನ್ನು ಓದಿ. ಶೋಧಗಂಗಾ ಜಾಲತಾಣದಲ್ಲಿ ಅವರ ಹಿಂದಿನ ವಿದ್ಯಾರ್ಥಿಗಳ ಮಹಾಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಒಂದನ್ನು ಪೂರ್ತಿ ಓದಿದರೆ ನಿಮ್ಮ ಮುಂದಿನ ಐದು ವರ್ಷದ ಚಿತ್ರ ಸಿಕ್ಕಿಬಿಡುತ್ತದೆ. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದಾದ್ದರಿಂದ ಜಾಗ ಇದೆಯೇ ಎಂದು ಮೊದಲೇ ಕೇಳಿ. ಪತ್ರ ಒಂದು ಪುಟ ಮೀರದಿರಲಿ. ಅದರಲ್ಲಿ ಕಾಡಿನ ಮೇಲಿನ ನಿಮ್ಮ ಪ್ರೀತಿಯ ವರ್ಣನೆಗಿಂತ ನಿಮ್ಮ ಪ್ರಶ್ನೆ, ಆ ಜಾಗ ನಿಮಗೆ ಗೊತ್ತಿರುವ ಬಗೆ, ಮಾಡಬಲ್ಲ ಕೆಲಸ ಇರಲಿ. ಸಾಧ್ಯವಾದರೆ ಅವರ ಈಗಿನ ವಿದ್ಯಾರ್ಥಿಗಳನ್ನು ಕಂಡು, ಕ್ಷೇತ್ರದಲ್ಲಿ ತೊಂದರೆಯಾದಾಗ ಸರ್ ಅಥವಾ ಮೇಡಂ ಫೋನ್ ಎತ್ತುತ್ತಾರೆಯೇ ಎಂದು ವಿಚಾರಿಸಿ. ಹೆಣ್ಣುಮಕ್ಕಳು ಇದನ್ನು ಸಂಕೋಚಪಡದೆ ಕೇಳಬೇಕು.

ನಾಲ್ಕನೆಯ ಹೆಜ್ಜೆ: ಪರವಾನಗಿ

ಸೇರಿದ ಮೊದಲ ವರ್ಷ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇರುತ್ತದೆ. ಆ ಅವಧಿಯಲ್ಲಿ 'ಆರ್' ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶವನ್ನೂ, ನಕ್ಷೆ ಕೆಲಸದ ಕ್ಯೂಜಿಐಎಸ್ ಅನ್ನೂ ಕಲಿತುಬಿಡಿ, ಎರಡೂ ಉಚಿತ. ಅದೇ ತಿಂಗಳುಗಳಲ್ಲಿ ಪರವಾನಗಿಯ ಅರ್ಜಿಯೂ ಹೋಗಬೇಕು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅವರ ಕಚೇರಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಪ್ರಾಣಿಯನ್ನು ಹಿಡಿಯುವುದು, ಕಾಲರ್ ಹಾಕುವುದು ಇದ್ದರೆ 12ನೇ ಸೆಕ್ಷನ್ ಅನ್ವಯವಾಗುತ್ತದೆ, ಕಾಯ್ದೆಯ ಮೊದಲ ಪರಿಶಿಷ್ಟದ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ, ಪ್ರಾಣಿಗಳಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಬೇಕು. 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದು ಪರಿಶಿಷ್ಟಗಳು ಬದಲಾಗಿವೆ. ಹಳೆಯ ಪ್ರಬಂಧ ನೋಡಿ ಪಟ್ಟಿ ನಕಲು ಮಾಡಬೇಡಿ. ಕ್ಯಾಮೆರಾ ಟ್ರ್ಯಾಪ್, ಡ್ರೋನ್, ಲದ್ದಿ ಅಥವಾ ಕೂದಲಿನ ಮಾದರಿ ಸಂಗ್ರಹ ಏನೇ ಇದ್ದರೂ ಮೊದಲ ಅರ್ಜಿಯಲ್ಲೇ ಬರೆಯಿರಿ, ನಂತರ ಸೇರಿಸುವುದು ಮೊದಲಿಂದ ಶುರು ಮಾಡಿದಂತೆಯೇ. ಅನುಮತಿ ಪತ್ರ ಬಂದ ಮೇಲೆ ವಿಭಾಗದ ಕಚೇರಿಗೆ ಹೋಗಬೇಕು: ಭದ್ರಾ ವನ್ಯಜೀವಿ ವಿಭಾಗಕ್ಕೆ ಚಿಕ್ಕಮಗಳೂರು, ಕುದುರೆಮುಖಕ್ಕೆ ಕಾರ್ಕಳ. ಆಮೇಲೆ ವಲಯ ಕಚೇರಿ, ಕೊನೆಗೆ ಆ ಬೀಟಿನ ಗಾರ್ಡು ಮತ್ತು ವಾಚರುಗಳು. ಕೊನೆಯವರನ್ನು ಕಾಣದೆ ಒಳಗೆ ಹೋಗಬೇಡಿ. ನಿಮ್ಮ ಜೀವ ಅವರ ಕಿವಿ, ಮೂಗುಗಳನ್ನು ನಂಬಿರುತ್ತದೆ.

ಈ ಎಲ್ಲಕ್ಕೆ ತಿಂಗಳುಗಳು ಹಿಡಿಯುವುದರಿಂದ, ನಿಮ್ಮ ಪ್ರಶ್ನೆಯ ಒಂದು ಭಾಗವನ್ನಾದರೂ ಖಾಸಗಿ ತೋಟಗಳಲ್ಲಿ, ಊರ ಕೆರೆಗಳಲ್ಲಿ ಕೇಳಲು ಬರುವಂತೆ ಇಟ್ಟುಕೊಳ್ಳುವುದು ಜಾಣತನ. ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ತೋಟದಲ್ಲಾದರೂ ಕಾಡುಪ್ರಾಣಿಯನ್ನು ಮುಟ್ಟುವ ಕೆಲಸಕ್ಕೆ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ.

ಐದನೆಯ ಹೆಜ್ಜೆ: ಕ್ಷೇತ್ರಕಾರ್ಯ

ಮಲೆನಾಡಿನಲ್ಲಿ ಹುಟ್ಟಿದವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಕಾಫಿ ಕೊಯ್ಲು ಯಾವಾಗ, ಹೂಮಳೆ ಯಾವಾಗ, ಆಳುಗಳು ಯಾವ ಹೊತ್ತಿಗೆ ಕೆಲಸ ಬಿಡುತ್ತಾರೆ ಎಂಬುದು ನಿಮಗೆ ಗೊತ್ತು. ಹೊರಗಿನವರಿಗೆ ಅದನ್ನು ತಿಳಿಯಲು ಒಂದು ವರ್ಷ ಬೇಕು. ಹಳೆಯ ತೋಟಗಳಲ್ಲಿ ಇಂಚು–ಸೆಂಟ್ಸ್ ಲೆಕ್ಕದಲ್ಲಿ ಬರೆದಿಟ್ಟ ದಶಕಗಳ ಮಳೆ ಪುಸ್ತಕಗಳಿರುತ್ತವೆ. ಮರ್ಯಾದೆಯಿಂದ ಕೇಳಿ, ಅಲ್ಲೇ ಕುಳಿತು ಫೋಟೊ ತೆಗೆದುಕೊಂಡು, ಪುಸ್ತಕವನ್ನು ಅಲ್ಲೇ ಬಿಟ್ಟು ಬನ್ನಿ.

ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬಾರದೆಂದು ಬರೆಯುತ್ತಿದ್ದೇನೆ. ಮೊದಲ ಐದು ತಿಂಗಳು ನಾನು ಪ್ರಾಣಿ ಕಂಡ ದಿನಗಳನ್ನು ಮಾತ್ರ ಪುಸ್ತಕದಲ್ಲಿ ಬರೆದೆ. ಏನೂ ಕಾಣದೆ ಬರಿಗೈಲಿ ಬಂದ ಬೆಳಗುಗಳನ್ನು ಬರೆಯಲಿಲ್ಲ. ವಿಶ್ಲೇಷಣೆಗೆ ಕುಳಿತಾಗ, ಒಂದು ದಾರಿಯಲ್ಲಿ ಪ್ರಾಣಿ ಇರಲಿಲ್ಲವೋ, ನಾನೇ ಹೋಗಿರಲಿಲ್ಲವೋ ಎಂಬುದು ಆ ಪುಸ್ತಕದಿಂದ ತಿಳಿಯುವಂತಿರಲಿಲ್ಲ, ಅಷ್ಟೂ ತಿಂಗಳ ದಾಖಲೆಯನ್ನು ಬಿಡಬೇಕಾಯಿತು. ಸೊನ್ನೆಯೂ ಒಂದು ದಾಖಲೆ. ಹೊರಟ ಹೊತ್ತು, ಮುಗಿಸಿದ ಹೊತ್ತು, ಮಂಜು, ಮಳೆ, ಜೊತೆಗಿದ್ದವರು ಇವಿಷ್ಟನ್ನು ಪ್ರತಿದಿನ ಬರೆದು, ಸಂಜೆ ಅದನ್ನು ಕಂಪ್ಯೂಟರಿಗೆ ಏರಿಸಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ.

ಮಳೆಗಾಲದ ಇಂಬಳ (ಕಾಡುಜಿಗಣೆ) ನೋವು ಕೊಡುವುದಿಲ್ಲ, ಉಪ್ಪು, ಹೊಗೆಸೊಪ್ಪು ಸಾಕು. ಬೇಸಿಗೆಯ ಉಣ್ಣೆ ಹುಳುವನ್ನು ಮಾತ್ರ ಹಗುರವಾಗಿ ನೋಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣ್ಣೆ ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಕೊಪ್ಪ, ನರಸಿಂಹರಾಜಪುರ ಕಡೆಯೂ ಕಾಣಿಸಿಕೊಳ್ಳುತ್ತದೆ. ಮಳೆ ನಿಂತ ಮೇಲಿನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಒಗೆಯಲು ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ಕಾಡಿಗೆ ಹೋಗಿದ್ದೆ ಎಂಬುದು. ನಿಮ್ಮ ಕ್ಷೇತ್ರ ಸಹಾಯಕರಿಗೂ ಇದೆಲ್ಲವೂ ಅಷ್ಟೇ ಅನ್ವಯ. ಅವರಿಗೆ ವಿಮೆ ಮಾಡಿಸುವ ಹಣವನ್ನು ಯೋಜನೆಯ ಬಜೆಟ್ಟಿನಲ್ಲೇ ಸೇರಿಸಿ.

ಕೊನೆಯ ಹೆಜ್ಜೆ: ಬರೆಯುವುದು

ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ ಎಂಬುದು ನಿಯಮ. ಮೇಲೆ 2 ವರ್ಷದ ವಿಸ್ತರಣೆ, ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯೂ ಇದೆ. ಕ್ಷೇತ್ರಕಾರ್ಯ ಮುಗಿದ ಮೇಲೆ ಬರೆಯೋಣವೆಂದು ಕಾಯದೆ, ಮೊದಲ ಮಳೆಗಾಲದಲ್ಲಿ ಮನೆಯಲ್ಲೇ ಕೂರಬೇಕಾದ ದಿನಗಳಲ್ಲಿ ವಿಧಾನಗಳ ಅಧ್ಯಾಯವನ್ನು ಬರೆದುಬಿಡಿ. ಏನು ಮಾಡುತ್ತಿದ್ದೀರಿ ಎಂಬುದು ಆಗ ನೆನಪಿನಲ್ಲಿ ಹಸಿಯಾಗಿರುತ್ತದೆ.

ಮಹಾಪ್ರಬಂಧ ಸಲ್ಲಿಸುವ ಎರಡು ತಿಂಗಳು ಮೊದಲೇ ಅದರ ಎಂಟು ಹತ್ತು ಪುಟದ ಸಾರವನ್ನು ಕನ್ನಡದಲ್ಲಿ ಬರೆದು, ನಕ್ಷೆಗಳ ಸಮೇತ ಮುದ್ರಿಸಿ, ಕೆಲಸ ಮಾಡಲು ಬಿಟ್ಟ ತೋಟದವರಿಗೆ, ವಲಯ ಕಚೇರಿಗೆ, ಪಂಚಾಯಿತಿಗೆ ಕೊಡಿ. ಸಲ್ಲಿಸಿದ ಮೇಲೆ ಕೊಟ್ಟರೆ ಅದು ಸೌಜನ್ಯವಷ್ಟೇ ಆಗುತ್ತದೆ, ಮೊದಲೇ ಕೊಟ್ಟರೆ ತಿದ್ದಲು ಸಮಯವಿರುತ್ತದೆ. ನಾನು ಕೊಟ್ಟ ಪ್ರತಿಯನ್ನು ಅದೇ ತೋಟದ ರೈಟರು ಕಣದ ಕಟ್ಟೆಯ ಮೇಲೆ ಕುಳಿತು ಕೊನೆಯವರೆಗೂ ಓದಿ, ಮೂರನೆಯ ಪುಟದ ನಕ್ಷೆಯ ಮೇಲೆ ಬೆರಳಿಟ್ಟು, "ಈ ಹಳ್ಳ ಇಲ್ಲಿ ಸೇರಲ್ಲ ಮೇಡಂ, ಕೆಳಗಿನ ತೋಟ ದಾಟಿ ಸೇರುತ್ತೆ" ಎಂದರು. ಮರುದಿನ ಹೋಗಿ ನೋಡಿದೆವು. ಅವರು ಹೇಳಿದ್ದೇ ಸರಿಯಿತ್ತು. ಎರಡು ನಕ್ಷೆ, ಒಂದು ಕೋಷ್ಟಕವನ್ನು ತಿದ್ದಿ ಪ್ರಬಂಧ ಸಲ್ಲಿಸಿದೆ.